ಲೋಥಾರನ ಮನೆ

ಲೋಥಾರ್ ಸತ್ತದ್ದು ತನ್ನ ಮನೆಯಲ್ಲೇ. ಕಷ್ಟ ಶುರುವಾದದ್ದೂ ಅದರಿಂದಲೇ.

ಅವನ ಮನೆ ಒಂದು ಲಾರಿ. ಜರ್ಮನಿಯ ಸೈನ್ಯದವರು ಯಾವುದೋ ಕಾಲದಲ್ಲಿ ಓಡಿಸಿ ಬಿಟ್ಟಿದ್ದು. ಅದರ ಬೆನ್ನಿನ ಮೇಲೆ ಉಕ್ಕಿನ ಕೋಣೆಯೊಂದನ್ನು ತಾನೇ ಕಟ್ಟಿ, ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ, ಪುಸ್ತಕದ ಹಲಗೆ ಎಲ್ಲ ಕೂಡಿಸಿಕೊಂಡು, ಹೆಂಡತಿ ಗೆಜೀನೆಯ ಜೊತೆ ಆಫ್ರಿಕದ ಉದ್ದಕ್ಕೂ ಇಳಿದು ಬಂದಿದ್ದ. ಡರ್ಬನ್ನಿನಲ್ಲಿ ಅದನ್ನು ಹಡಗಿಗೆ ಹಾಕಿಸಿ ನಮ್ಮ ದ್ವೀಪಕ್ಕೆ ತಂದಿದ್ದ. ಊರಿನಲ್ಲಿದ್ದ ನಿಜವಾದ ಮನೆಯನ್ನು ಮಾರಿಯಾಗಿತ್ತು. ಮಕ್ಕಳಿರಲಿಲ್ಲ.

ನಾನು ತುಲಿಯಾರ್ ಪಟ್ಟಣದ ಕಾಲೇಜಿನಲ್ಲಿ ಇತಿಹಾಸ ಓದಿದವನು. ಓದಿದ್ದರಿಂದ ಒಂದಷ್ಟು ಫ್ರೆಂಚ್ ಬಂತೇ ಹೊರತು ಕೆಲಸ ಬರಲಿಲ್ಲ. ದಕ್ಷಿಣದ ತುದಿಯವರೆಗೆ ಹೋಗಬೇಕು, ಅಲ್ಲಿಯ ಮಾತು ಬಲ್ಲ ಒಬ್ಬ ಬೇಕು ಎಂದು ಅವರು ವಿಚಾರಿಸುತ್ತಿದ್ದಾಗ ವಸತಿಗೃಹದ ಯಜಮಾನ ಸಂಬೆ ಅಂತ ಒಬ್ಬನಿದ್ದಾನೆ ಎಂದು ನನ್ನನ್ನು ತೋರಿಸಿದ. ಗೆಜೀನೆಗೆ ಫ್ರೆಂಚ್ ಚೆನ್ನಾಗಿ ಬರುತ್ತಿತ್ತು. ಲೋಥಾರನಿಗೆ ಬರುತ್ತಿರಲಿಲ್ಲ. ಅವನಿಗೆ ಮಾತಿನ ಅವಶ್ಯಕತೆಯೇ ಇದ್ದಂತಿರಲಿಲ್ಲ. ದಾರಿಯಲ್ಲಿ ನಿಂತ ಕಡೆಯಲ್ಲೆಲ್ಲ ಜನ ಸೇರಿ ನಿಮ್ಮ ಮನೆ ಎಲ್ಲಿ ಎಂದು ಕೇಳುತ್ತಿದ್ದರು. ಅವನು ಲಾರಿಯ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟುತ್ತಿದ್ದ. ಇದೇ, ಬೇರೆ ಇಲ್ಲ ಎಂದು ಗೆಜೀನೆ ಸೇರಿಸುತ್ತಿದ್ದಳು. ಜನ ನಗುತ್ತಿದ್ದರು.

ನಮ್ಮೂರಿಗೆ ಹೋಗುವ ಯೋಚನೆ ಯಾರಿಗೂ ಇರಲಿಲ್ಲ. ಲೋಥಾರನಿಗೆ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ಡರ್ಬನ್ನಿನ ವೈದ್ಯರು ಹೇಳಿದ್ದರಂತೆ. ಔಷಧಿಗೆ ಊರಿಗೆ ಮರಳುವ ಬದಲು ಅವನು ಲಾರಿಯನ್ನು ಹಡಗಿಗೆ ಹಾಕಿಸಿದ್ದ. ಇದು ನನಗೆ ತಿಳಿದದ್ದು ತ್ಸಿಹುಂಬೆ ಪೇಟೆ ದಾಟಿದ ಮೇಲೆ. ಅವನು ಸ್ಟಿಯರಿಂಗ್ ಹಿಡಿದು ಕೂರಲೂ ಆಗದೆ ರಸ್ತೆಯ ಪಕ್ಕ ಇಳಿದು ಮಣ್ಣಿನ ಮೇಲೆ ಮಲಗಿಬಿಟ್ಟಾಗ. ನನ್ನ ತಾಯಿಯ ತಮ್ಮ ಮಹಾತಾಂತೆಯ ಕೇರಿ ಅಲ್ಲಿಂದ ದೂರವಿರಲಿಲ್ಲ. ಎರಡು ದಿನ ಸುಧಾರಿಸಿಕೊಳ್ಳಲಿ ಎಂದು ಅಲ್ಲಿಗೆ ಕರೆದುಕೊಂಡು ಹೋದೆ. ಕಳ್ಳಿಬೇಲಿಯ ಹೊರಗೆ, ಬಾವಿಯ ದಾರಿಯ ಪಕ್ಕದಲ್ಲಿ ಲಾರಿ ನಿಂತಿತು. ಅಲ್ಲಿಂದ ಅದು ಮುಂದಕ್ಕೆ ಹೋಗಲಿಲ್ಲ.

ಅತ್ತೆ ವುಲಾಸುವಾ ಮೊದಲ ದಿನವೇ ಲಾರಿಗೆ ಒಂದು ಸುತ್ತು ಹಾಕಿ, ಟೈರುಗಳನ್ನು ಬೆರಳಿನಿಂದ ಒತ್ತಿ ನೋಡಿ ನನ್ನನ್ನು ಕೇಳಿದಳು. "ಮನೆಗೆ ಗಾಲಿ ಯಾಕಪ್ಪಾ? ಜಗಳ ಆದ್ರೆ ಹೆಂಡ್ತಿ ಮನೆ ಸಮೇತ ತವರಿಗೆ ಹೋಗ್ಲಿ ಅಂತಾನಾ?"

ನಾನು ಅದನ್ನು ಹೇಳಿದಾಗ ಗೆಜೀನೆ ಬಹಳ ದಿನಗಳ ಮೇಲೆ ಜೋರಾಗಿ ನಕ್ಕಳು. ತವರಿಗೆ ಹೋಗೋಕೇ ಅಂತ ಹೊರಟದ್ದು, ಇವನು ದಾರಿ ತಪ್ಪಿಸಿ ಇಲ್ಲಿಗೆ ತಂದ ಅಂತ ಹೇಳು ಎಂದಳು.

ಎರಡು ದಿನ ಹೋಗಿ ತಿಂಗಳು ಕಳೆಯಿತು. ಲೋಥಾರ್ ಬೆಳಿಗ್ಗೆ ಮೆಟ್ಟಿಲಿಳಿದು ನಿಧಾನವಾಗಿ ನಡೆದು ಹುಣಸೆಮರದ ಕೆಳಗೆ ಬಂದು ಕೂರುತ್ತಿದ್ದ. ಅಲ್ಲಿ ಮಾವ ಆಗಲೇ ಕೂತಿರುತ್ತಿದ್ದ. ಮಾವ ಕೇರಿಗೆ ಹಿರಿಯ. ಸತ್ತ ಹಿರಿಯರ ಹೆಸರಿನಲ್ಲಿ ಎತ್ತು ಕೊಯ್ಯುವ ಹಕ್ಕು ಇರುವುದು ಅವನೊಬ್ಬನಿಗೇ. ಇಬ್ಬರು ಮುದುಕರೂ ಬಯಲಿನ ಕಡೆಗೆ ಮುಖ ಮಾಡಿ ಕೂತಿರುತ್ತಿದ್ದರು. ಮೊದಮೊದಲು ನಾನು ನಡುವೆ ಕೂತು ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸಲು ಕಾದೆ. ಆದರೆ ದಾಟಿಸಲು ಏನೂ ಇರಲಿಲ್ಲ. ಗೆಜೀನೆಗೆ ಅವರಿಬ್ಬರನ್ನು ನೋಡಿದರೆ ಸಣ್ಣ ಹೊಟ್ಟೆಕಿಚ್ಚು. ನಲವತ್ತು ವರ್ಷ ತನ್ನ ಪಕ್ಕ ಕೂತು ಮಾತಾಡದಿದ್ದಾಗ ಅವನು ಇಷ್ಟು ನೆಮ್ಮದಿಯಾಗಿ ಕಾಣುತ್ತಿರಲಿಲ್ಲ ಎಂದು ಒಮ್ಮೆ ನನಗೆ ಹೇಳಿದ್ದಳು.

ಸತ್ತದ್ದು ಒಂದು ಬೆಳಿಗ್ಗೆ. ಅತ್ತೆ ಕೊಟ್ಟ ಹುಳಿಹಾಲಿನ ಸೋರೆಬುರುಡೆ ಹಿಡಿದು ನಾನು ಹೋದಾಗ ಗೆಜೀನೆ ಲಾರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ಹಿಂದೆ ಬಾಗಿಲು ತೆರೆದೇ ಇತ್ತು. "ಆಯ್ತು, ಸಂಬೆ" ಎಂದಳು, ಪಾತ್ರೆ ತೊಳೆದು ಮುಗಿಸಿದವಳ ಹಾಗೆ.

ತ್ಸಿಹುಂಬೆಯಿಂದ ಪೊಲೀಸರು ಮೋಟಾರ್‌ಸೈಕಲ್ಲಿನಲ್ಲಿ ಬಂದು, ನೋಡಿ, ಬರೆದುಕೊಂಡು, ಇಲ್ಲೇ ಮಣ್ಣು ಮಾಡುವುದಾದರೆ ತಮ್ಮದೇನೂ ಅಡ್ಡಿಯಿಲ್ಲ ಎಂದು ಹೊರಟುಹೋದರು. ಅವಳ ದೇಶದ ರಾಯಭಾರ ಕಚೇರಿಗೆ ನಾನು ಫೋನು ಸಿಗುವ ಗುಡ್ಡ ಹತ್ತಿ ಮಾತಾಡಿದೆ. ರಾಜಧಾನಿಯವರೆಗೆ ತಂದರೆ ಅಲ್ಲಿಂದ ವಿಮಾನಕ್ಕೆ ಹಾಕಿಸಬಹುದು ಎಂದರು. ಆ ರಸ್ತೆ ಎಂಥದೆಂದು ನಮಗಿಬ್ಬರಿಗೂ ಗೊತ್ತಿತ್ತು, ಬಿಸಿಲು ಎಂಥದೆಂದೂ ಗೊತ್ತಿತ್ತು. ಆದರೆ ಗೆಜೀನೆ ಬೇಡವೆಂದದ್ದು ಅದಕ್ಕಲ್ಲ. ಕಳಿಸಿದರೆ ಎಲ್ಲಿಗೆ ಕಳಿಸುವುದು ಎಂದು ಅವಳು ಕೇಳಿದಳು. ಅಲ್ಲಿ ಯಾರಿದ್ದಾರೆ, ಏನಿದೆ.

ಹಾಗಾಗಿ ನಾವಿಬ್ಬರೂ ಮಾವನ ಮುಂದೆ ಹೋಗಿ ಕೂತೆವು. ಅವಳಿಗೆ ಬೇಕಾದ್ದು ಒಂದೇ. ಗಂಡ ಇಲ್ಲಿ ಮಲಗಬೇಕು, ಕೂತು ಅಭ್ಯಾಸವಾದ ಜಾಗದ ಹತ್ತಿರ, ಪರಿಚಯದವರ ನಡುವೆ. ಕೇಳಬೇಕಾದ್ದನ್ನು ನಾನು ಕೇಳಿದೆ. ಮಾವ ಮೊದಲು ಕೇಳಿದ್ದು ಅವನ ತಂದೆಯ ಗೋರಿ ಎಲ್ಲಿದೆ ಎಂದು. ನಮ್ಮಲ್ಲಿ ಯಾರೇ ಸತ್ತರೂ ಮೊದಲು ಕೇಳುವ ಪ್ರಶ್ನೆ ಅದು.

ಗೆಜೀನೆ ನೆಲ ನೋಡುತ್ತಾ ಹೇಳಿದಳು. ಅವರ ಊರಿನಲ್ಲಿ ಸತ್ತವರ ಜಾಗ ಒಂದು ಅವಧಿಗೆ ಮಾತ್ರ. ಅದು ಮುಗಿದಾಗ ಮಕ್ಕಳು ಮತ್ತೆ ಮುಂದುವರಿಸಿಕೊಳ್ಳಬೇಕು. ಲೋಥಾರನ ತಂದೆ ತಾಯಿಯ ಅವಧಿ ಮುಗಿದಾಗ ಇವರು ಮರುಭೂಮಿಯಲ್ಲೆಲ್ಲೋ ಇದ್ದರು. ತಿಳಿಸಬೇಕಾದವರು ಮಾರಿಹೋದ ಮನೆಗೆ ತಿಳಿಸಿದರು. ಇವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಕಲ್ಲು ತೆಗೆದು, ನೆಲ ಸಮ ಮಾಡಿ, ಹುಲ್ಲು ಹಾಕಿ ಆಗಿತ್ತು. ಲೋಥಾರ್ ಅದನ್ನು ಕೇಳಿ ನಕ್ಕನಂತೆ, ಒಳ್ಳೆಯದಾಯಿತು, ಹಗ್ಗ ಬಿಚ್ಚಿತು ಎಂದನಂತೆ. ಆಮೇಲೆ ನಮೀಬಿಯದ ಉದ್ದಕ್ಕೂ ಬಾಯಿ ತೆರೆಯದೆ ಗಾಡಿ ಓಡಿಸಿದನಂತೆ.

ಮಾವ ಇದನ್ನು ಮತ್ತೊಮ್ಮೆ ಹೇಳಿಸಿದ. ನಾನು ತಪ್ಪು ಹೇಳುತ್ತಿದ್ದೇನೆಂದೇ ಅವನ ಭಾವನೆ.

"ಸತ್ತೋರನ್ನ ಖಾಲಿ ಮಾಡಿಸ್ತಾರಾ ಅಳಿಯ?"

"ಹೂಂ ಮಾವ."

ಸತ್ತವನಿಗಾಗಿ ಮಾವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಆಗಲೇ, ಬೆಳಿಗ್ಗೆ ಹೆಣ ನೋಡಿದಾಗಲ್ಲ. ಆಮೇಲೆ ತಗ್ಗಿದ ದನಿಯಲ್ಲಿ ತೀರ್ಮಾನ ಹೇಳಿದ. ನಮ್ಮ ವಂಶದ ಗೋರಿಯೊಳಗೆ ಆಗದು, ಅದು ನನ್ನ ಕೈಯಲ್ಲಿಲ್ಲ. ಅದರ ಪಕ್ಕದಲ್ಲಿ ಜಾಗ ಕೊಡುತ್ತೇನೆ. ಕೊಯ್ಯುವ ಎತ್ತೂ ನನ್ನದೇ. ನನ್ನ ಜೊತೆ ಕೂತ ಮನುಷ್ಯ ಅವನು. ಇಷ್ಟು ಹೇಳಿ ಕೊನೆಗೆ ಇನ್ನೊಂದು ಮಾತು ಸೇರಿಸಿದ. ನಾನು ಅದನ್ನು ಬಿಟ್ಟು ಉಳಿದದ್ದನ್ನು ಹೇಳಿದೆ.

"ಇನ್ನೇನೋ ಅಂದ. ಅದನ್ನೂ ಹೇಳು" ಎಂದಳು ಗೆಜೀನೆ.

"ಮಣ್ಣು ಮಾಡಿದ ಮೇಲೆ ಅವರ ಮನೆ ಸುಡಬೇಕು ಅಂತಾರೆ."

ನಮ್ಮಲ್ಲಿ ಅದು ಹೇಳಬೇಕಾದ ಮಾತೇ ಅಲ್ಲ. ಸತ್ತವನ ಮನೆಯನ್ನು ಸುಡುತ್ತೇವೆ. ಅದು ಉಳಿದರೆ ಅವನು ಗೋರಿಯಲ್ಲಿ ನಿಲ್ಲುವುದಿಲ್ಲ. ಬಾಗಿಲು ಹುಡುಕಿಕೊಂಡು ಬರುತ್ತಾನೆ, ಬಂದು ಒಬ್ಬೊಬ್ಬರನ್ನೇ ಕರೆಯುತ್ತಾನೆ. ನಮ್ಮ ಮನೆಗಳು ನಾಲ್ಕು ಹಲಗೆ, ಒಂದು ಹುಲ್ಲಿನ ಮಾಡು. ಸುಟ್ಟರೆ ಉಳಿದವರಿಗೆ ಬಂಧುಗಳು ಹೊಸದು ಕಟ್ಟಿಕೊಡುತ್ತಾರೆ.

ಗೆಜೀನೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖ ಬಿಳುಚಿತು. "ಅದು ಗಾಡಿ ಅಂತ ಹೇಳು ಅವನಿಗೆ. ಗಾಡಿ."

ಹೇಳಿದೆ. ಮಾವ ತಲೆಯಾಡಿಸಿದ. "ಗಾಡೀಲಿ ಯಾರಾದ್ರೂ ಒಲೆ ಹೂಡ್ತಾರಾ? ಗಂಡ ಹೆಂಡ್ತಿ ಮಲಗ್ತಾರಾ? ನನ್ನನ್ನ ಒಳಗೆ ಕರೆದು ಕಾಫಿ ಕೊಟ್ನಲ್ಲ. ಅವನೇ ತಟ್ಟಿ ತೋರಿಸಿದ್ನಲ್ಲ ಅಳಿಯ, ಇದೇ ಮನೆ ಅಂತ."

ಗೆಜೀನೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. "ಎಷ್ಟು ದೇಶದಲ್ಲಿ ಅದನ್ನೇ ಹೇಳ್ಕೊಂಡು ಬಂದ್ವಿ. ಒಬ್ರೂ ನಂಬಲಿಲ್ಲ. ಇವನು ನಂಬಿಬಿಟ್ಟ."

ಆಮೇಲೆ ಅವಳು ಬೇರೆ ಬೇರೆ ರೀತಿಯಲ್ಲಿ ಕೇಳಿದಳು. ಲಾರಿಯನ್ನು ಇವತ್ತೇ ಇಲ್ಲಿಂದ ತೆಗೆದುಕೊಂಡು ಹೋಗುತ್ತೇನೆ, ಇನ್ನೊಮ್ಮೆ ಈ ಕಡೆ ಬರುವುದಿಲ್ಲ, ಆಗದೇ? ಅದು ಇನ್ನೂ ಕೆಟ್ಟದ್ದು ಎಂದ ಮಾವ. ನಿಂತ ಮನೆಯಾದರೆ ಸತ್ತವನು ಅಲ್ಲಿಗೆ ಮಾತ್ರ ಬರುತ್ತಾನೆ. ಈ ಮನೆ ಓಡುತ್ತದೆ. "ಅದು ಹೋದ ಕಡೆ ಅವನೂ ಓಡ್ತಾನೆ. ಯಾವತ್ತು ಮಲಗ್ತಾನೆ ಅವನು?"

ಅವನಿಗೆ ಬೇಕಾಗಿದ್ದದ್ದೇ ಅದು ಎಂದಳು ಗೆಜೀನೆ. ಈ ಮಾತನ್ನು ನಾನು ದಾಟಿಸಲಿಲ್ಲ. ಅವಳೂ ದಾಟಿಸೆಂದು ಹೇಳಲಿಲ್ಲ. ಅವಳು ಎದ್ದು ಲಾರಿಯ ಕಡೆ ಹೋದಳು.

ನಾನು ಹಿಂದೆಯೇ ಹೋಗಿ ಮೆಟ್ಟಿಲ ಬಳಿ ನಿಂತೆ. ನನಗೆ ಹೇಳಬೇಕಾದ್ದು ಒಂದಿತ್ತು. ನನ್ನ ತಂದೆಯ ಮನೆ ಸುಟ್ಟಾಗ ನಾನು ಬಹಳ ಚಿಕ್ಕವನು. ಅಮ್ಮ ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು ಮುಂದಕ್ಕೆ ತಿರುಗಿಸಿಕೊಂಡು ನಡೆದಳು. ಬೆನ್ನಿಗೆ ಬಿಸಿ ತಾಗಿದ್ದು ನೆನಪಿದೆ. ತಂದೆಯ ಮುಖ ನೆನಪಿಲ್ಲ. ಅವನು ಮುಟ್ಟಿದ ಒಂದು ಚಮಚವೂ ನನ್ನ ಹತ್ತಿರ ಇಲ್ಲ. ಕಾಲೇಜಿನಲ್ಲಿ ಉತ್ತರದ ಗುಡ್ಡಗಳ ಕಡೆಯ ಗೆಳೆಯರು ತಮ್ಮ ಅಜ್ಜಂದಿರ ಮೂಳೆಗಳನ್ನು ಹೊರತೆಗೆದು ಹೊಸ ಬಟ್ಟೆ ಸುತ್ತಿ ಮಡಿಲಲ್ಲಿಟ್ಟುಕೊಂಡ ಕಥೆಗಳನ್ನು ನಗುನಗುತ್ತಾ ಹೇಳುವಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಸುಟ್ಟದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮ ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದಳು ಎಂಬುದು ಮಾತ್ರ ಗೊತ್ತು. ಇದರಲ್ಲಿ ಯಾವುದನ್ನು ಗೆಜೀನೆಗೆ ಹೇಳಬೇಕಿತ್ತು?

ಅವಳು ಒಳಗೆ ವಸ್ತುಗಳನ್ನು ಕಟ್ಟಿ ಭದ್ರಪಡಿಸುವ ಸದ್ದು ಕೇಳುತ್ತಿತ್ತು. ಪ್ರತಿ ಸಲ ಹೊರಡುವ ಮುಂಚೆ ಮಾಡುತ್ತಿದ್ದ ಕೆಲಸ. ಕಪಾಟಿನ ಚಿಲಕ, ಒಲೆಯ ಕವಾಟ, ಕಿಟಕಿ. ಲೋಥಾರನನ್ನು ಹಾಸಿಗೆಗೆ ಕಟ್ಟಿದಳೆಂದು ಕಾಣುತ್ತದೆ, ಪಟ್ಟಿ ಎಳೆದ ಸದ್ದೂ ಕೇಳಿತು. ಇಳಿದು ಬಂದು ಡ್ರೈವರಿನ ಸೀಟಿನಲ್ಲಿ ಕೂತಳು. "ತ್ಸಿಹುಂಬೆಯಲ್ಲಿ ಯಾವುದಾದ್ರೂ ಇಗರ್ಜಿ ಇರುತ್ತೆ, ಅಲ್ಲೇ ಮಣ್ಣು ಮಾಡಿಸ್ತೀನಿ. ಬರ್ತೀಯಾ, ಇಲ್ಲೇ ಇರ್ತೀಯಾ?"

ಹತ್ತಿದೆ. ಮಾವ ಹುಣಸೆಮರದ ಕೆಳಗಿನಿಂದ ಏಳಲಿಲ್ಲ. ಯಾರೂ ತಡೆಯಲಿಲ್ಲ.

ಮರಳಿನಲ್ಲಿ ಓಡಿಸುತ್ತಿದ್ದವನು ಯಾವಾಗಲೂ ಲೋಥಾರ್. ಅವಳದು ಗಟ್ಟಿ ನೆಲ, ಪಟ್ಟಣ, ರಾಜರಸ್ತೆ. ಮರಳು ಬಂದರೆ ಇಬ್ಬರೂ ಇಳಿದು ಮಾತಿಲ್ಲದೆ ಜಾಗ ಬದಲಾಯಿಸುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಒಣಗಿದ ಹಳ್ಳದ ಅಂಚಿಗೆ ಬಂದಾಗ ಅವಳು ಗಾಡಿ ನಿಲ್ಲಿಸಿದಳು. ಕೈ ಬಾಗಿಲಿನ ಹಿಡಿಗೆ ಹೋಯಿತು, ಇಳಿಯಲು. ಆಮೇಲೆ ಹಿಡಿಯನ್ನು ಬಿಟ್ಟು, ಗಾಡಿಯನ್ನು ಮುಂದಕ್ಕೆ ಬಿಟ್ಟಳು. ಮರಳಿಗೆ ಇಳಿಯುವ ಮುಂಚೆ ಟೈರಿನ ಗಾಳಿ ಕಡಿಮೆ ಮಾಡುವುದು ಮರೆತಿತ್ತು. ಹಳ್ಳದ ನಡುವೆ ಹಿಂದಿನ ಗಾಲಿಗಳು ಅಚ್ಚಿನವರೆಗೆ ಹೂತುಹೋದವು.

ಗುದ್ದಲಿ ತೆಗೆದು ಇಬ್ಬರೂ ತೋಡಿದೆವು. ತೋಡಿದಷ್ಟೂ ಮರಳು ಒಳಗೆ ಬಂತು. ಬಿಸಿಲು ನೆತ್ತಿಗೆ ಬಂದಿತ್ತು. ಉಕ್ಕಿನ ಗೋಡೆಯ ಆ ಕಡೆ ಅವನು ಮಲಗಿದ್ದ, ಒಳಗೆ ಎಷ್ಟು ಸೆಖೆಯಿರಬಹುದೆಂದು ನಮ್ಮಿಬ್ಬರ ಮನಸ್ಸಿನಲ್ಲೂ ಇತ್ತು. ಗೆಜೀನೆ ಗುದ್ದಲಿ ಒಗೆದು ಗಾಲಿಗೆ ಒರಗಿ ಕೂತಳು.

ಆಗ ಕೇರಿಯವರು ಬಂದರು. ಮಾವ ಮುಂದೆ, ಹಿಂದೆ ಗಂಡಸರು, ಕೈಯಲ್ಲಿ ಹಲಗೆ, ಮುಳ್ಳುಪೊದೆಯ ಹೊರೆ, ಹಗ್ಗ. ಅತ್ತೆ ಕೊಡದಲ್ಲಿ ನೀರು ತಂದಿದ್ದಳು. ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಗಾಲಿಗಳ ಕೆಳಗೆ ಹಲಗೆ ತುರುಕಿದರು, ಮುಂದೆ ಪೊದೆ ಹಾಸಿದರು, ನೂಕಲು ಬೆನ್ನು ಕೊಟ್ಟರು. ಸತ್ತವನ ಮನೆಯನ್ನು ಮುಟ್ಟುವುದು ಅವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತಿತ್ತು. ಕೆಲವರು ಕಣ್ಣು ಮುಚ್ಚಿಕೊಂಡೇ ನೂಕುತ್ತಿದ್ದರು.

ಗಾಡಿ ಅಲುಗಾಡುವಷ್ಟು ಸಡಿಲವಾದಾಗ ಗೆಜೀನೆ ಎದ್ದು ತನ್ನ ಸೀಟು ಹತ್ತಿದಳು. ಮಾವ ಬಾಗಿಲ ಬಳಿ ಬಂದು ಗೆಜೀನೆಯ ಮುಖ ನೋಡಿದ. "ಯಾವ ಕಡೆ ಅಂತ ಕೇಳು ಅಳಿಯ. ಆ ಕಡೆ ಅಂದ್ರೆ ಆ ಕಡೆ ನೂಕ್ತೀವಿ. ಈ ಕಡೆ ಅಂದ್ರೆ ಈ ಕಡೆ."

ನಾನು ಕೇಳಿದೆ. ಅವಳು ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು ಎದುರಿನ ದಡವನ್ನು ನೋಡುತ್ತಾ ಕೂತಳು. ನೂಕಲು ನಿಂತವರ ಉಸಿರು ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳು ಹಿಂದಕ್ಕೆ ಹೋಗುವ ಗೇರಿಗೆ ಹಾಕಿದಳು. ಅದನ್ನು ಯಾರಿಗೂ ಅನುವಾದಿಸಬೇಕಾಗಲಿಲ್ಲ.

ಮರುದಿನ ಲೋಥಾರನನ್ನು ಮಣ್ಣು ಮಾಡಿದೆವು. ಮಾವ ತನ್ನ ಎತ್ತನ್ನು ಕೊಯ್ದ, ಅದರ ಕೊಂಬುಗಳನ್ನು ಗೋರಿಯ ಕಲ್ಲುಗಳ ಮೇಲಿಟ್ಟ. ಆಮೇಲೆ ಎಲ್ಲರೂ ಲಾರಿಯ ಬಳಿಗೆ ಬಂದೆವು. ನಿನ್ನ ವಸ್ತುಗಳನ್ನು ತೆಗೆದುಕೊ, ಅವನದನ್ನು ಬಿಡು ಎಂದು ಅತ್ತೆ ಹೇಳಿಸಿದಳು. ಗೆಜೀನೆ ಒಳಗೆ ಹೋಗಿ ಸುಮಾರು ಹೊತ್ತು ನಿಂತಿದ್ದು ಬರಿಗೈಯಲ್ಲಿ ಹೊರಗೆ ಬಂದಳು. "ಇದರಲ್ಲಿ ನನ್ನದು ಯಾವುದು ಅಂತ ನನಗೆ ಗೊತ್ತಾಗ್ತಿಲ್ಲ, ಸಂಬೆ." ಪಾಸ್‌ಪೋರ್ಟು ಜೇಬಿನಲ್ಲಿತ್ತು. ಮತ್ತೆ ಏನೋ ಹೊಳೆದವಳಂತೆ ಹೋಗಿ ಗ್ಯಾಸಿನ ಸಿಲಿಂಡರು ಬಿಚ್ಚಿ ಹೊರಗೆ ಉರುಳಿಸಿದಳು. ಇದು ಸಿಡಿದರೆ ಜನಕ್ಕೆ ಪೆಟ್ಟಾಗುತ್ತದೆ, ದೂರ ಇಡಿಸು ಎಂದಳು.

ಮಾವ ಬೆಂಕಿ ಕೊಟ್ಟ. ಅತ್ತೆ ಗೆಜೀನೆಯ ತೋಳು ಹಿಡಿದು ಆ ಕಡೆ ತಿರುಗಿಸಲು ನೋಡಿದಳು. ಅವಳು ತಿರುಗಲಿಲ್ಲ. ನಾನೂ ತಿರುಗಲಿಲ್ಲ. ಮೊದಲು ಪುಸ್ತಕಗಳು, ಹಾಸಿಗೆ. ಆಮೇಲೆ ಡೀಸೆಲ್ಲಿಗೆ ಹಿಡಿದು ಕಿಟಕಿಗಳು ಒಡೆದವು. ಟೈರುಗಳ ಕಪ್ಪು ಹೊಗೆ ಸಮುದ್ರದ ಕಡೆಗೆ ಹೋಯಿತು.

ಕೇರಿಯವರು ಪದ್ಧತಿ ಬಿಡಲಿಲ್ಲ. ಬೇಲಿಯ ಒಳಗೆ ಅವಳಿಗೊಂದು ಮನೆ ಕಟ್ಟಿದರು. ಬಗ್ಗಿ ಹೋಗಬೇಕಾದ ಬಾಗಿಲು, ಹೊಸ ಹಲಗೆಯ ವಾಸನೆ. ಅವಳು ಕೆಲವು ವಾರ ಅದರಲ್ಲಿ ಇದ್ದಳು, ಅತ್ತೆಯ ಜೊತೆ ಮರಗೆಣಸು ಸುಲಿದಳು, ಕಳ್ಳಿಹಣ್ಣಿನ ಮುಳ್ಳು ತೆಗೆಯಲು ಕಲಿತಳು. ಇಲ್ಲೇ ಇರ್ತಾಳಾ ಎಂದು ಅತ್ತೆ ಕೇಳಿದಾಗ ನನಗೂ ಗೊತ್ತಿರಲಿಲ್ಲ. ಒಂದು ದಿನ ಅವಳೇ ಹೇಳಿದಳು, ನಾನು ಒಂದು ಜಾಗದಲ್ಲಿ ಇರುವುದನ್ನು ಅವನಿಂದಾಗಿ ಮರೆತಿದ್ದೇನೆ ಎಂದು. ತ್ಸಿಹುಂಬೆಯಲ್ಲಿ ಅವಳನ್ನು ಬಾಗಿಲಿಲ್ಲದ ಬಾಡಿಗೆ ಜೀಪಿಗೆ ಹತ್ತಿಸಿದೆ. ಡ್ರೈವರಿನ ಪಕ್ಕದ ಸೀಟು ಸಿಕ್ಕಿತು. ಗಾಡಿ ಹೊರಡುವಾಗ ಅವಳು ನನ್ನ ಕಡೆ ನೋಡಲಿಲ್ಲ, ರಸ್ತೆ ನೋಡುತ್ತಿದ್ದಳು. ಗುಂಡಿ ಬಂದಾಗ ಅವಳ ಬಲಗಾಲು ಬ್ರೇಕು ಹುಡುಕಿದ್ದು ಕಾಣಿಸಿತು.

ನಮ್ಮವರು ಒಂದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮ ಮನೆಗಳು ಸ್ವಲ್ಪ ಹೊತ್ತಿನಲ್ಲಿ ಬೂದಿಯಾಗುತ್ತವೆ, ಗಾಳಿ ಬಂದರೆ ಆ ಬೂದಿಯೂ ಇರುವುದಿಲ್ಲ. ಲಾರಿ ಸುಟ್ಟಿತು, ಆದರೆ ಮುಗಿಯಲಿಲ್ಲ. ಕಪ್ಪಾದ ಉಕ್ಕಿನ ಗೋಡೆ, ಕಿಟಕಿಯ ತೂತುಗಳು, ಮೆಟ್ಟಿಲು, ಬಾಗಿಲಿನ ಚೌಕಟ್ಟು ಎಲ್ಲ ಹಾಗೆಯೇ ನಿಂತವು. ಮಳೆ ಬಂತು, ತುಕ್ಕು ಹಿಡಿಯಿತು. ಇನ್ನೂ ನಿಂತಿತ್ತು. ಬಾವಿಗೆ ಹೋಗುವ ಹೆಂಗಸರು ದಾರಿ ಬದಲಿಸಿ ಮುಳ್ಳಿನ ನಡುವೆ ಸುತ್ತಿ ಹೋಗತೊಡಗಿದರು. ನೆರಳಿಗೆಂದು ಒಳಗೆ ಹೋದ ಮೇಕೆಗಳನ್ನು ಕರೆತರಲು ಯಾರೂ ಹೋಗುತ್ತಿರಲಿಲ್ಲ. ಅತ್ತೆಯ ತಂಗಿಗೆ ಜ್ವರ ಬಂದು ವಾಸಿಯಾಗದಾಗ ಅವನು ಕರೆಯುತ್ತಿದ್ದಾನೆ ಎಂದು ಜನ ಮಾತಾಡಿಕೊಂಡರು. ಮಾವ ಇನ್ನೊಮ್ಮೆ ಸೌದೆ ಒಟ್ಟಿಸಿ ಬೆಂಕಿ ಹಾಕಿದ. ಸೌದೆ ಮಾತ್ರ ಸುಟ್ಟಿತು.

"ಆ ಹೆಂಗಸನ್ನ ಕೇಳು ಅಳಿಯ" ಎಂದ ಮಾವ. "ಇಂಥದನ್ನ ಅವರ ಊರಲ್ಲಿ ಹೇಗೆ ಮುಗಿಸ್ತಾರೆ ಅಂತ."

ಫೋನು ಸಿಗುವ ಗುಡ್ಡದ ಮೇಲೆ ಇಬ್ಬರೂ ಹತ್ತಿದೆವು. ಗೆಜೀನೆ ತಂಗಿಯ ಮನೆಯಲ್ಲಿದ್ದಳು. ಮೇಲಿನ ಕೋಣೆ ಕೊಟ್ಟಿದ್ದಾರೆ, ಕಿಟಕಿಯಿಂದ ರಸ್ತೆ ಕಾಣುತ್ತದೆ ಎಂದಳು. ಅತ್ತೆಯನ್ನು ಕೇಳಿದಳು, ಮಾವನನ್ನು ಕೇಳಿದಳು. ನಾನು ವಿಷಯಕ್ಕೆ ಬರುವ ಮೊದಲೇ ಅವಳು ಕೇಳಿದಳು.

"ಅದರಲ್ಲಿ ಏನಾದ್ರೂ ಉಳಿದಿದೆಯಾ, ಸಂಬೆ? ಮಳೆಗೆ ಬಿತ್ತಾ?"

"ಬಿದ್ದಿಲ್ಲ. ನಿಂತಿದೆ."

ಆ ಕಡೆಯಿಂದ ತಡೆದು ತಡೆದು ಉಸಿರೆಳೆಯುವ ಸದ್ದು. ಅವನು ಸತ್ತ ಬೆಳಿಗ್ಗೆಯೂ, ಬೆಂಕಿಯ ಮುಂದೆಯೂ ಅವಳು ಅತ್ತಿರಲಿಲ್ಲ.

"ಏನಂತೆ?" ಎಂದ ಮಾವ.

"ಅಳ್ತಿದ್ದಾರೆ. ಅದು ನಿಂತಿದೆ ಅಂತ ಕೇಳಿ."

ಮಾವ ಕೆಳಗೆ ನೋಡಿದ. ಅಲ್ಲಿಂದ ಕೇರಿ ಕಾಣುತ್ತಿತ್ತು, ಬೇಲಿಯ ಹೊರಗೆ ಆ ಕಪ್ಪು ಪೆಟ್ಟಿಗೆಯೂ. ಅವನು ಕೋಲಿನ ಮೇಲೆ ಗಲ್ಲ ಊರಿ ಕೂತ. ಫೋನಿನಲ್ಲಿ ಅವಳ ಉಸಿರು, ಪಕ್ಕದಲ್ಲಿ ಅವನದು.

"ಹಾಗಾದ್ರೆ ಕೇಳ್ಬೇಡ" ಎಂದ ಕೊನೆಗೆ. "ನಾವೇ ಕೇರಿ ಸಮೇತ ಹಳ್ಳದ ಆ ಕಡೆ ಹೋಗೋಣ. ಸುಗ್ಗಿ ಮುಗೀಲಿ."

ಹಳ್ಳದ ಆ ಕಡೆ ಬಾವಿಯಿಲ್ಲ. ಅದು ಅವನಿಗೂ ಗೊತ್ತು. ಗೆಜೀನೆ ಮೂಗು ಒರೆಸಿಕೊಂಡು ಮಾವ ಏನಂದರು ಎಂದು ಕೇಳಿದಳು. ನಿಮ್ಮ ಆರೋಗ್ಯ ಕೇಳಿದರು ಎಂದು ಹೇಳಿದೆ.